ಕಾಲಿನ ಯಜಮಾನಿ

"ಇವತ್ತು ನಿಮಗೆ ಏನು ಮಾಡ್ತಾರೆ, ಹಾಜ್ಜಾ? ನಿಮ್ಮ ಬಾಯಲ್ಲೇ ಹೇಳಿ," ಎಂದು ನರ್ಸ್ ಮಜ್ದೊಲೀನ್ ಕೇಳಿದಳು.

ಮಂಚದ ಮೇಲೆ ಕೂತಿದ್ದ, ಹಜ್ ಮಾಡಿ ಬಂದ ಮುದುಕಿ ಹಾಜ್ಜಾ ಫಿದ್ದಾ ನಕ್ಕಳು. "ಇನ್ನೇನು ಮಾಡ್ತಾರೆ ಮಗಳೇ, ಗಾಯ ತೊಳೀತಾರೆ. ಒಳಗಿನ ಕೊಳಕು ತೆಗೆದು, ಹೊಸ ಪಟ್ಟಿ ಕಟ್ಟಿ ಮನೆಗೆ ಕಳಿಸ್ತಾರೆ. ಗುರುವಾರ ನಮ್ಮ ಆಲಿವ್ ಗಾಣಕ್ಕೆ ಹೋಗತ್ತೆ. ನಾನು ಅಲ್ಲಿ ನಿಂತಿಲ್ಲ ಅಂದ್ರೆ ಆ ಗಾಣದವನು ಕಂಡವರ ಎಣ್ಣೆ ತಂದು ನಮ್ಮ ಡಬ್ಬಕ್ಕೆ ಸುರೀತಾನೆ. ಬೇಗ ಮುಗಿಸಿ ಅಂತ ನಿಮ್ಮ ಡಾಕ್ಟ್ರಿಗೆ ಹೇಳು."

ಮಜ್ದೊಲೀನಳ ಕೈಯಲ್ಲಿದ್ದ ಪೆನ್ನು ನಿಂತಲ್ಲೇ ನಿಂತಿತು. ಅಂದು ಆಪರೇಷನ್ ಥಿಯೇಟರಿನಲ್ಲಿ ತೊಳೆಯುವ ಕೆಲಸ ಯಾವುದೂ ಇರಲಿಲ್ಲ. ಹಾಜ್ಜಾಳ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸುವುದಿತ್ತು.

ಅಜ್ಲೂನ್ ಗುಡ್ಡದ ಮೇಲಿನ ಆ ಆಸ್ಪತ್ರೆಯಲ್ಲಿ ಈ ಸುದ್ದಿ ತಿಳಿಯದವರು ಯಾರೂ ಇರಲಿಲ್ಲ. ಸರ್ಜನ್ನರಿಗೆ ಗೊತ್ತು, ನೆಲ ಒರೆಸುವವಳಿಗೆ ಗೊತ್ತು, ಪಕ್ಕದ ಮಂಚದವಳಿಗೆ ಗೊತ್ತು, ಆ ಪಕ್ಕದವಳನ್ನು ನೋಡಲು ಕಿತ್ತಳೆ ಹಿಡಿದು ಬಂದಿದ್ದ ಅವಳ ನಾದಿನಿಗೂ ಗೊತ್ತು. ಕಾಲಿನ ಯಜಮಾನಿಗೆ ಮಾತ್ರ ಗೊತ್ತಿಲ್ಲ. ಆಲಿವ್ ಬಿಡಿಸುವಾಗ ಪಾದಕ್ಕೆ ಮುಳ್ಳು ಹೊಕ್ಕಿತ್ತು. ಸಕ್ಕರೆ ಕಾಯಿಲೆಯ ಕಾಲು, ನೋವೇ ತಿಳಿಯಲಿಲ್ಲ. ತಿಳಿದ ಮೇಲೂ ಹಾಜ್ಜಾ ಗಾಯಕ್ಕೆ ಕಾಫಿ ಪುಡಿ ಮೆತ್ತಿ, ಬಟ್ಟೆ ಸುತ್ತಿ, ಮತ್ತೆ ಏಣಿ ಹತ್ತಿದ್ದಳು. ಈಗ ಪಾದ ಕರ್ರಗಾಗಿತ್ತು, ಜ್ವರ ಏರುತ್ತಿತ್ತು. ಹಿರಿಯ ಮಗ ಘಾಲಿಬ್ ಒಪ್ಪಿಗೆಯ ಸಹಿ ಹಾಕಿದ್ದ. "ಅಮ್ಮನಿಗೆ ಯಾರೂ ಹೇಳ್ಬೇಡಿ, ಎದೆ ಒಡ್ಕೋತಾಳೆ. ಸಮಯ ನೋಡಿ ನಾವೇ ಹೇಳ್ತೀವಿ," ಎಂದಿದ್ದ. ಆ ಸಮಯ ಬರಲೇ ಇಲ್ಲ. ಪ್ರೀತಿಯಿಂದ ಸುಳ್ಳು ಹೇಳುವವರಿಗೆ ಅದು ಬರುವುದೂ ಇಲ್ಲ ಬಿಡಿ.

ನರ್ಸುಗಳಿಗೆ ಅಲ್ಲೊಂದು ಕಟ್ಟಳೆ ಇತ್ತು. ಆಪರೇಷನ್ನಿಗೆ ಹೋಗುವ ರೋಗಿ ತನ್ನ ಹೆಸರನ್ನೂ, ತನಗೆ ಏನು ಮಾಡುತ್ತಾರೆ ಎಂಬುದನ್ನೂ ತಾನೇ ಹೇಳಬೇಕು. ಮನೆಯವರು ಹೇಳಿದರೆ ಆಗದು, ನರ್ಸು ಹೇಳಿಕೊಟ್ಟರೂ ಆಗದು. ಉತ್ತರ ತಾಳೆಯಾಗದಿದ್ದರೆ ಟ್ರಾಲಿ ಕದಲಬಾರದು. ಮಜ್ದೊಲೀನ್ ಈ ಪ್ರಶ್ನೆಯನ್ನು ಅದೆಷ್ಟೋ ಮಂದಿಗೆ ಕೇಳಿದ್ದಳು. ತಪ್ಪು ಉತ್ತರ ಬಂದದ್ದು ಇದೇ ಮೊದಲು.

"ಡಾಕ್ಟ್ರು ಬಂದು ನಿಮ್ಮ ಹತ್ರ ಮಾತಾಡ್ತಾರೆ ಹಾಜ್ಜಾ, ಆಮೇಲೆ ಹೋಗೋಣ," ಎಂದು ಹೇಳಿ, ಟ್ರಾಲಿಯವನಿಗೆ ನಿಲ್ಲುವಂತೆ ಸನ್ನೆ ಮಾಡಿ, ಅವಳು ಹೊರಗೆ ಬಂದಳು. ಬರುವಾಗ ಮುದುಕಿಯ ಮುಖ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ.

ವಾರ್ಡಿನ ಮುಖ್ಯ ನರ್ಸ್ ಅಫಾಫ್ ಟೇಬಲ್ಲಿನ ಹತ್ತಿರ ನಿಂತಿದ್ದಳು. ತಲೆ ನರೆತಿದ್ದರೂ ದನಿ ಮಾತ್ರ ಹರೆಯದ್ದು. "ಟ್ರಾಲಿ ಯಾಕೆ ಇನ್ನೂ ಇಲ್ಲೇ ಇದೆ? ಥಿಯೇಟರಿನವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ."

"ಹಾಜ್ಜಾ ತಪ್ಪು ಹೇಳಿದ್ರು. ಗಾಯ ತೊಳೀತಾರೆ ಅಂದ್ಕೊಂಡಿದ್ದಾರೆ."

"ಹೆಸರು ಸರಿಯಾಗಿ ಹೇಳಿದ್ರಾ?"

"ಹೇಳಿದ್ರು."

"ಹಾಗಾದ್ರೆ ನಡಿ, ಸಾಕು."

"ಸಾಕಾಗಲ್ಲ ಸಿಸ್ಟರ್. ಈ ಪಾಠ ನನಗೆ ಹೇಳಿಕೊಟ್ಟಿದ್ದೇ ನೀವು."

"ಹೇಳಿಕೊಟ್ಟಾಗ ಆ ಘಾಲಿಬ್ ಮೀಸೆ ತಿರುವ್ಕೊಂಡು ಎದುರಿಗೆ ನಿಂತಿರ್ಲಿಲ್ಲಮ್ಮ," ಎಂದಳು ಅಫಾಫ್. ಆಮೇಲೆ ದನಿ ತಗ್ಗಿಸಿದಳು. "ನೋಡು, ಸಿಟ್ಟಲ್ಲಿ ನೀನೇ ಹೋಗಿ ಬಾಯಿ ಬಿಡಬೇಡ. ಕಾಲು ತೆಗೀತೀವಿ ಅಂತ ಹೇಳೋದು ತೆಗೆಯೋರ ಕೆಲಸ. ನೀನು ಹೇಳ್ದೆ ಅಂತಿಟ್ಕೋ, ಯಾಕೆ, ಏನು, ಬೇರೆ ದಾರಿ ಇಲ್ವಾ ಅಂತ ಅವರು ಕೇಳಿದ್ರೆ ಏನು ಉತ್ತರ ಕೊಡ್ತೀಯ?"

ಅದೂ ನಿಜವೇ. ಮಜ್ದೊಲೀನಳಿಗೆ ಅತ್ತ ದರಿ ಇತ್ತ ಪುಲಿ. ಹೇಳುವಂತಿಲ್ಲ, ಕಳಿಸುವಂತಿಲ್ಲ. ಸುಮ್ಮನೆ ಕೂರುವಂತೆಯೂ ಇಲ್ಲ, ಹೊತ್ತು ಕಳೆದಷ್ಟೂ ವಿಷ ಮೇಲಕ್ಕೆ ಹತ್ತುತ್ತಿತ್ತು. ಅವಳು ಥಿಯೇಟರಿಗೆ ಫೋನ್ ಮಾಡಿ ಆಪರೇಷನ್ ಮಾಡಬೇಕಿದ್ದ ಡಾಕ್ಟರ್ ಹೈಥಮ್ ಅವರನ್ನು ಕರೆಯಲು ಹೇಳಿದಳು. ಯಾರೋ ಫೋನನ್ನು ಅವರ ಕಿವಿಗೆ ಹಿಡಿದರು.

"ಮನೆಯವರು ಹೇಳ್ತೀವಿ ಅಂದಿದ್ರಲ್ಲ!" ಎಂದು ಅವರು ಕೂಗಿದರು.

"ಹೇಳಿಲ್ಲ ಡಾಕ್ಟ್ರೇ."

"ನನ್ನ ಕೈ ಈಗ ಇನ್ನೊಬ್ಬರ ಹೊಟ್ಟೆಯಲ್ಲಿದೆ. ನೀನು ಕಳಿಸು, ಇಲ್ಲಿ ಬಾಗಿಲಲ್ಲೇ ಒಂದು ಮಾತು ಹೇಳಿಬಿಡ್ತೀನಿ."

"ಬಾಗಿಲಲ್ಲಿ ಮಲಗಿಸ್ಕೊಂಡು ಹೇಳಿದ್ರೆ ಅವರು ಬೇಡ ಅನ್ನೋಕಾಗತ್ತಾ? ನೀವೇ ಇಲ್ಲಿಗೆ ಬರಬೇಕು."

"ನೀನು ನನಗೆ ಕೆಲಸ ಹೇಳಿಕೊಡ್ತೀಯಾ?" ಎಂದದ್ದು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

ಅವಳು ಬಾಲ ಸುಟ್ಟ ಬೆಕ್ಕಿನಂತೆ ಟೇಬಲ್ಲಿಗೂ ವಾರ್ಡಿಗೂ ಓಡಾಡಿದಳು. ಹಾಜ್ಜಾಳ ಜ್ವರ ನೋಡಿದಳು, ಗ್ಲೂಕೋಸಿನ ಹನಿ ಸರಿಮಾಡಿದಳು, ಸರಿಯಾಗಿಯೇ ಇದ್ದ ದಿಂಬನ್ನು ಮತ್ತೆ ಸರಿಮಾಡಿದಳು. "ಕೂತ್ಕೊಳ್ಳೇ ಹುಡುಗಿ, ನಿನ್ನ ನೋಡಿದ್ರೆ ನನಗೆ ತಲೆ ಸುತ್ತತ್ತೆ," ಎಂದಳು ಮುದುಕಿ. ಅವಳ ಹಣೆ ಕಾದ ಹಂಚಿನಂತಿತ್ತು.

ಅಷ್ಟರಲ್ಲಿ ಘಾಲಿಬ್ ಕಾರಿಡಾರಿನಲ್ಲಿ ಅಡ್ಡಹಾಕಿದ. ಮೊದಲು ಬೇಡಿಕೊಂಡ: "ನೀನು ನನ್ನ ತಂಗಿ ಇದ್ದ ಹಾಗೆ. ನಮ್ಮಮ್ಮ ಎಚ್ಚರಾದ ಮೇಲೆ ನಾನೇ ಕಾಲು ಹಿಡಿದು ಹೇಳ್ತೀನಿ." ಯಾವ ಕಾಲು ಎಂಬ ಮಾತು ಮಜ್ದೊಲೀನಳ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಆಮೇಲೆ ಗದರಿಸಿದ: "ನಮ್ಮಮ್ಮನಿಗೆ ಏನಾದ್ರೂ ಆದ್ರೆ ನಿನ್ನ ಕೊರಳಿಗೆ ಬರತ್ತೆ, ನೆನಪಿಟ್ಕೋ." ಅವಳಿಗೆ ಭಯವೇ ಆಯಿತು. ಆಗಲಿಲ್ಲ ಎಂದರೆ ಸುಳ್ಳು. ಅವನು ಹೇಳಿದ ಹಾಗೇ ಆಗಿಬಿಟ್ಟರೆ? ತಾನು ಹಿಡಿದ ಹಟಕ್ಕೆ ಈ ಮುದುಕಿ ಸತ್ತರೆ? ಆದರೂ ಅವಳು "ಮೊದಲು ಅಮ್ಮನಿಗೆ ಹೇಳಿ, ಆಮೇಲೆ ಕರ್ಕೊಂಡು ಹೋಗ್ತೀನಿ" ಎಂದಷ್ಟೇ ಅಂದಳು. ಘಾಲಿಬ್ ಫೋನ್ ತೆಗೆದು ಮೂಲೆಗೆ ಹೋದ.

ಸ್ವಲ್ಪ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದು ಜಾಹಾ ಬಂತು.

ಹೆಣ್ಣು ಕೇಳುವಾಗ, ಕೊಲೆಯ ಹಗೆ ಬಿಡಿಸುವಾಗ ಊರಿನ ಹಿರಿಯರು ದಂಡುಕಟ್ಟಿ ಹೋಗುತ್ತಾರಲ್ಲ, ಅದೇ ಜಾಹಾ. ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಜಾಹಾ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮುಂದೆ ಹಾಜ್ಜಾಳ ಅಣ್ಣ ಅಬು ಸಾಯೆಲ್, ಕೆಂಪು ಚೌಕಳಿಯ ತಲೆವಸ್ತ್ರ, ಹೆಗಲಿಗೆ ಹಬ್ಬದ ನಿಲುವಂಗಿ. ಹಿಂದೆ ಅಂಥವೇ ನಾಲ್ಕಾರು ನಿಲುವಂಗಿಗಳು. ಅಬು ಸಾಯೆಲ್ ಸಲಾಂ ಹೇಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸಿಂಹಾಸನದ ಗತ್ತಿನಲ್ಲಿ ಕೂತ. ಬಂದವರಿಗೆ ಬರಿಗೈ ತೋರಿಸುವುದು ಅಫಾಫಳ ಹುಟ್ಟುಗುಣದಲ್ಲೇ ಇಲ್ಲ. ತನ್ನ ಫ್ಲಾಸ್ಕಿನಿಂದ ಕಹಿ ಕಾಫಿ ಬಗ್ಗಿಸಿ ಮುದುಕನ ಕೈಗಿಟ್ಟಳು. ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ತಡವಾಗಿತ್ತು.

ಅಬು ಸಾಯೆಲ್ ಕಪ್ಪನ್ನು ತುಟಿಗೆ ಒಯ್ಯಲಿಲ್ಲ. ಔಷಧಿ ಗಾಡಿಯ ಮೇಲೆ, ಮಾತ್ರೆಯ ಬಟ್ಟಲುಗಳ ನಡುವೆ, ಇಟ್ಟು ಮಜ್ದೊಲೀನಳ ಕಡೆ ತಿರುಗಿದ. "ನಮಗೊಂದು ಕೋರಿಕೆ ಇದೆ ಮಗಳೇ. ಅದು ನಡೆಯೋವರೆಗೆ ನಾನು ಈ ಕಾಫಿ ಮುಟ್ಟೋನಲ್ಲ."

ಇನ್ನು "ಕುಡೀರಿ, ನೀವು ಕೇಳಿದ್ದು ಕೊಟ್ಟೆ" ಎಂದು ಪದ್ಧತಿಯಂತೆ ಹೇಳಬೇಕಾದವಳು ಮಜ್ದೊಲೀನ್. ಹಾಗೆ ಇಟ್ಟ ಕಪ್ಪಿನ ಎದುರು ಅವಳ ಅಪ್ಪ ಒಮ್ಮೆಯೂ ಇಲ್ಲ ಎಂದವನಲ್ಲ. ರಕ್ತದ ಹಗೆಯನ್ನೇ ಬಿಟ್ಟುಕೊಟ್ಟವರು ಆ ಸೀಮೆಯಲ್ಲಿದ್ದಾರೆ. ಒಂದು ಪ್ರಶ್ನೆ ಬಿಟ್ಟುಕೊಡುವುದು ಯಾವ ಲೆಕ್ಕ? ಅವಳು ಕೈಗಳನ್ನು ಸಮವಸ್ತ್ರದ ಜೇಬಿಗೆ ತುರುಕಿಕೊಂಡಳು.

"ಚಿಕ್ಕಪ್ಪಾ," ಎಂದಳು. ದನಿ ಸಣ್ಣಗೆ ಬಂತು, ಆದರೂ ಬಂತು. "ನೀವು ಕೇಳ್ತಿರೋದು ನನ್ನ ಹತ್ರ ಇಲ್ಲ. ಹುಡುಗಿ ಬೇಕು ಅಂದ್ರೆ ಹುಡುಗಿ ಇರೋ ಮನೆಗೆ ತಾನೆ ಜಾಹಾ ಹೋಗೋದು? ಪಕ್ಕದ ಮನೆಗೆ ಹೋಗಿ ಕೂತ್ಕೋತಾರಾ? ಕಾಲು ನಿಮ್ಮ ತಂಗೀದು. ಆ ಕಪ್ಪು ಅವರ ಮುಂದೆ ಇಡಬೇಕು."

ಹಿಂದೆ ನಿಂತಿದ್ದವರಲ್ಲಿ ಒಬ್ಬ ಕೆಮ್ಮಿದ. ಇನ್ನೊಬ್ಬ ಮೀಸೆಯೊಳಗೇ ನಕ್ಕು, ಘಾಲಿಬನ ಮುಖ ಕಂಡು ನಿಲ್ಲಿಸಿದ. ಅಬು ಸಾಯೆಲ್ ಮಾತ್ರ ಅವಳನ್ನೇ ನೋಡುತ್ತ ಕೂತ. ಬೈಯುತ್ತಾನೆ ಎಂದುಕೊಂಡಳು. ಮುದುಕ ಬೈಯಲಿಲ್ಲ. ಜಾಹಾದ ನಡವಳಿಕೆ ಅವನಿಗಿಂತ ಬಲ್ಲವರು ಯಾರು? ತಪ್ಪು ಮನೆಗೆ ಬಂದದ್ದು ಅವನಿಗೂ ಹೊಳೆಯಿತು. ಕಪ್ಪೆತ್ತಿಕೊಂಡು, ಕಾಫಿ ಚೆಲ್ಲದ ಹಾಗೆ ಮೆಲ್ಲನೆ ಹೆಜ್ಜೆ ಇಡುತ್ತ ವಾರ್ಡಿನೊಳಗೆ ಹೋದ. ಘಾಲಿಬ್ "ಮಾವಾ, ಬೇಡ ಮಾವಾ" ಎನ್ನುತ್ತ ಹಿಂದೆ ಓಡಿದ.

ಹಾಜ್ಜಾ ಅಣ್ಣನ ನಿಲುವಂಗಿ ನೋಡಿದಳು, ಹಿಂದಿದ್ದ ದಂಡು ನೋಡಿದಳು, ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ಕೂತ ಕಪ್ಪನ್ನೂ ನೋಡಿದಳು. "ಏನಣ್ಣಾ, ನನಗೇ ಜಾಹಾ ತಂದ್ಯಾ? ಈ ವಯಸ್ಸಲ್ಲಿ ನನ್ನ ಕೇಳೋಕೆ ಬಂದಿರೋ ಪುಣ್ಯಾತ್ಮ ಯಾರು? ಹಲ್ಲಾದ್ರೂ ಇದ್ಯಾ ಅವನಿಗೆ?"

ಪಕ್ಕದ ಮಂಚದವಳು ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ. ಊರಿನ ಅದೆಷ್ಟೋ ಜಗಳಗಳನ್ನು ಮಾತಿನಲ್ಲೇ ಮುಗಿಸಿದ ಅಬು ಸಾಯೆಲ್ ಈಗ ನಿಲುವಂಗಿಯ ಅಂಚು ತಿದ್ದಿಕೊಳ್ಳುತ್ತ ನಿಂತ. ಘಾಲಿಬ್ ಕಿಟಕಿಯ ಕಡೆ ತಿರುಗಿ ನಿಂತ. ಹಾಜ್ಜಾಳ ನಗು ಆರುತ್ತ ಬಂತು.

ಆಗ, ಆ ಇನ್ನೊಬ್ಬರ ಹೊಟ್ಟೆ ಹೊಲಿದು ಮುಗಿಸಿ, ಡಾಕ್ಟರ್ ಹೈಥಮ್ ಬಂದರು. ತಲೆಯ ಮೇಲೆ ಥಿಯೇಟರಿನ ಹಸಿರು ಟೋಪಿ, ಮುಖದ ತುಂಬ ಸಿಟ್ಟು. ಮಜ್ದೊಲೀನ್ ಏನೂ ಹೇಳದೆ ಒಂದು ಸ್ಟೂಲ್ ತಂದು ಮಂಚದ ಪಕ್ಕ ಇಟ್ಟಳು. ಅವರು ಸ್ಟೂಲನ್ನೂ ಅವಳನ್ನೂ ನೋಡಿದರು. ನಿಟ್ಟುಸಿರು ಬಿಟ್ಟು ಕೂತರು. ಕೂತ ಮೇಲೆ ಸಿಟ್ಟು ಎಲ್ಲಿ ಹೋಯಿತೋ, ದಣಿದ ಮನುಷ್ಯನೊಬ್ಬ ಉಳಿದ.

"ಹಾಜ್ಜಾ, ಪಾದ ಸತ್ತುಹೋಗಿದೆ. ತೊಳೆದ್ರೆ ಆಗಲ್ಲ. ಮೊಣಕಾಲಿನ ಕೆಳಗಿಂದ ಕಾಲು ತೆಗೀಬೇಕು. ನಾನೇ ಮೊದಲೇ ಬಂದು ಹೇಳ್ಬೇಕಿತ್ತು."

ಹಾಜ್ಜಾ ರೆಪ್ಪೆ ಬಡಿಯಲಿಲ್ಲ. "ಬೇಡ ಅಂದ್ರೆ?"

"ವಿಷ ಮೈಗೆಲ್ಲ ಏರತ್ತೆ. ಆಗ ಉಳಿಸ್ಕೊಳ್ಳೋದು ಕಷ್ಟ."

"ಕಾಲನ್ನಾ, ನನ್ನನ್ನಾ?"

"ನಿಮ್ಮನ್ನ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಅಣ್ಣ ತಲೆ ತಗ್ಗಿಸಿದ. ಮಗನ ಬೆನ್ನು ಅಲುಗಾಡುತ್ತಿತ್ತು. ಕೊನೆಗೆ ಮಜ್ದೊಲೀನಳ ಮೇಲೆ ಕಣ್ಣು ನಿಂತಿತು. "ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು ಹಾಜ್ಜಾ." ಕಟ್ಟಳೆ, ಯಾರ ಕೆಲಸ ಯಾರದು, ಇದನ್ನೆಲ್ಲ ಹೇಳಿಕೊಳ್ಳಬಹುದಿತ್ತು. ಅವಳಿಗೆ ನಾಚಿಕೆಯಾಯಿತು, ಹೇಳಲಿಲ್ಲ.

ಹಾಜ್ಜಾ ಡಾಕ್ಟರ ಕಡೆ ತಿರುಗಿದಳು. "ತೆಗೆದ ಮೇಲೆ ಅದನ್ನ ಏನು ಮಾಡ್ತೀರಿ?"

"ಮನೆಯವರ ಕೈಗೆ ಕೊಡ್ತೀವಿ. ಹೂಳ್ತಾರೆ."

"ಹಾಗಾದ್ರೆ ಕೇಳಣ್ಣಾ. ಜಾಹಾ ತಂದಿದ್ದೀಯ, ನನ್ನದೂ ಒಂದು ಷರತ್ತಿದೆ. ಎಲ್ಲೋ ಬೇಲಿ ಮೂಲೇಲಿ ಹೂಳೋ ಹಾಗಿಲ್ಲ. ನನ್ನ ಗಂಡನ ಪಕ್ಕದಲ್ಲಿ ಹೂಳಬೇಕು. ಅವನ ಅಕ್ಕ ಆ ಜಾಗದ ಮೇಲೆ ಕಣ್ಣು ಹಾಕಿದ್ದಾಳೆ. ನಾನು ಬರೋವರೆಗೆ ನನ್ನ ಕಾಲು ಅಲ್ಲಿ ಜಾಗ ಹಿಡ್ಕೊಂಡಿರ್ಲಿ."

"ಆಯ್ತು ಫಿದ್ದಾ," ಎಂದ ಅಬು ಸಾಯೆಲ್.

"ಮತ್ತೆ ಯಾಕೆ ನೋಡ್ತಾ ಕೂತಿದ್ದೀಯ? ಕೊಟ್ಟೆ. ಕುಡಿ ನಿನ್ನ ಕಾಫಿ."

ಮುದುಕ ಕುಡಿದ. ಆರಿ ತಣ್ಣಗಾದ ಕಹಿ ಕಾಫಿಯನ್ನು ತಳದವರೆಗೆ ಕುಡಿದ. ಹಾಜ್ಜಾ ತಾನೇ ಕಾಗದ ಇಸಿದುಕೊಂಡು, ಮಗನ ಸಹಿಯ ಕೆಳಗೆ ಹೆಬ್ಬೆಟ್ಟು ಒತ್ತಿದಳು. ನಿಲುವಂಗಿಗಳು ದೇವರ ಹೆಸರು ಹೇಳುತ್ತ ಒಂದೊಂದಾಗಿ ಹೊರಗೆ ನಡೆದವು. ಘಾಲಿಬ್ ಅಮ್ಮನ ಕೈಗೆ ಮುತ್ತಿಡಲು ಬಾಗಿದಾಗ "ಹೋಗು, ಹೊರಗಿರು" ಎಂದಳು. ಬೈಗುಳವಲ್ಲ, ಆದರೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ತಗುಲಿತು. ಡಾಕ್ಟರು ಎದ್ದು, "ನಾನು ಥಿಯೇಟರಲ್ಲಿರ್ತೀನಿ," ಎಂದು ಮಜ್ದೊಲೀನಳಿಗೆ ಮೆಲ್ಲಗೆ ಹೇಳಿ ಹೋದರು.

"ಪರದೆ ಎಳಿ," ಎಂದಳು ಹಾಜ್ಜಾ.

ಮಜ್ದೊಲೀನ್ ಮಂಚದ ಸುತ್ತ ಪರದೆ ಎಳೆದಳು. ಬೆಳಗಿನಿಂದ ಅವಳು ಕಾದದ್ದು ಇದಕ್ಕೇ. ಮುದುಕಿಗೆ ಗೊತ್ತಾದರೆ ತನ್ನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ. ಹಾಜ್ಜಾ ಹೊದಿಕೆ ಸರಿಸಿ, ಪಟ್ಟಿ ಸುತ್ತಿದ ಕಾಲನ್ನು ನೋಡಿದಳು. ಮೊಣಕಾಲಿನಿಂದ ಕೆಳಗೆ ಕೈಯಾಡಿಸಿದಳು, ಮಗುವಿನ ಬೆನ್ನು ಸವರುವ ಹಾಗೆ. ಇದ್ದಕ್ಕಿದ್ದ ಹಾಗೆ ಮಜ್ದೊಲೀನಳ ತೋಳು ಹಿಡಿದೆಳೆದು, ಅವಳ ಸಮವಸ್ತ್ರದಲ್ಲಿ ಬಾಯಿ ಹುದುಗಿಸಿ, ಹೊರಗಿನ ಗಂಡಸರಿಗೆ ಕೇಳಿಸದಂತೆ ಬಿಕ್ಕಿಬಿಕ್ಕಿ ಅತ್ತಳು. ಅಷ್ಟು ಹೊತ್ತು ಎಲ್ಲರನ್ನೂ ಆಡಿಸಿದ ಆ ಗಟ್ಟಿ ಹೆಂಗಸು ಎಲ್ಲಿ, ಇವಳೆಲ್ಲಿ! ಮಜ್ದೊಲೀನ್ ಮುದುಕಿಯ ತಲೆಯನ್ನು ಒತ್ತಿ ಹಿಡಿದು ನಿಂತಳು.

ಟೇಬಲ್ಲಿನ ಮೇಲೆ ಫೋನ್ ಮತ್ತೆ ಹೊಡೆದುಕೊಂಡಿತು. ಅಫಾಫ್ ಪರದೆಯ ಸಂದಿಯಿಂದ ತಲೆ ಹಾಕಿದಳು. "ಥಿಯೇಟರಿನವರು. ಎಲ್ಲಾ ರೆಡಿ ತಾನೆ ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?"

"ಇನ್ನೂ ರೆಡಿ ಇಲ್ಲ ಅನ್ನಿ," ಎಂದಳು ಮಜ್ದೊಲೀನ್. "ಅಳ್ತಿದ್ದಾರೆ ಅನ್ನಿ."