ಬಹುವಚನ

"ಒಂದೇ ಒಂದು ಸಲ ಹೇಳಿ ಅಪ್ಪ," ಅಂದಳು ಮಗಳು. "ನಾಯಿ ಕಾಯ್ತಾ ಇದೆ."

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ತರಬೇತಿ ಅಂಗಳದ ಆ ತುದಿಯಲ್ಲಿ, ಮರಳು ಮೂಟೆಗಳ ಪಕ್ಕ, ದಫೇದಾರ ಕಿವಿ ನಿಮಿರಿಸಿ ಕೂತಿತ್ತು. ಮೂತಿಯ ಎರಡೂ ಕಡೆ ಕಪ್ಪು ಕೂದಲು ಮೀಸೆಯ ಹಾಗೆ ಮೇಲಕ್ಕೆ ತಿರುಗಿದ್ದರಿಂದ ಗೇಟಿನವನು ಆ ನಾಯಿಗೆ ಇಟ್ಟ ಹೆಸರು ಅದು. ಈಗ ರಿಜಿಸ್ಟರಿನಲ್ಲೂ ಅದೇ ಇದೆ. ಮೇಷ್ಟ್ರು ಹೇಳಬೇಕಾಗಿದ್ದದ್ದು ಎರಡೇ ಅಕ್ಷರದ ಒಂದು ಮಾತು. ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಸಿಕ್ಕಿತ್ತು.

"ನಾಯಿಗೆ ಬಹುವಚನ ಹಚ್ಚು ಅಂತೀಯಲ್ಲ," ಅಂದರು ಕೊನೆಗೆ. "ನಾಳೆ ಕುರ್ಚಿ ಹಾಕಿ ಕೂರಿಸು ಅಂತೀಯ."

"ಕುರ್ಚಿ ಬೇಡ. 'ಬನ್ನಿ' ಅಂದರೆ ಸಾಕು."

ಅವಳ ಬಾಯಿಂದ ಆ ಮಾತು ಬಿದ್ದದ್ದೇ ತಡ, ದಫೇದಾರ ಎದ್ದು ಧೂಳೆಬ್ಬಿಸುತ್ತ ಓಡಿಬಂದು ಅವಳ ಮೊಣಕಾಲಿಗೆ ಮೂತಿ ಒತ್ತಿ ನಿಂತಿತು. ಅವಳು ಸೊಂಟದ ಚೀಲದಿಂದ ಬೇಯಿಸಿದ ಕುರಿಯ ಈಲಿಯ ಚೂರೊಂದನ್ನು ತೆಗೆದು ಕೊಟ್ಟಳು. ಮೇಷ್ಟ್ರು ಆಕಾಶ ನೋಡಿದರು.

ಗೋದಾಮುಗಳಿಗೆ ಕಾವಲು ನಾಯಿಗಳನ್ನು ತಯಾರು ಮಾಡಿ ಕಳಿಸುವ ಆ ಶಾಲೆಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಪಳಗಿಸುವವರು. ನಾಯಿಗೆ ಪಾಠ ಹೇಳುವವನನ್ನೂ ಮೇಷ್ಟ್ರು ಅನ್ನಬೇಕೇ ಎಂದು ಮೊದಮೊದಲು ನಕ್ಕವರು ಅವರ ಗಂಟಲು ಕೇಳಿದ ಮೇಲೆ ಸುಮ್ಮನಾಗಿದ್ದರು. ಮೇಷ್ಟ್ರಿಗೆ ಬಹುವಚನ ತೆಗೆದುಕೊಂಡು ಅಭ್ಯಾಸವಿತ್ತೇ ಹೊರತು ಕೊಟ್ಟು ಅಭ್ಯಾಸವಿರಲಿಲ್ಲ. ತಮಗಿಂತ ದೊಡ್ಡವರು ಎದುರಾದರೆ ಮೇಷ್ಟ್ರದೇ ಒಂದು ಉಪಾಯ. 'ಯಾವಾಗ ಬಂದೆ' ಅಂದರೆ ಎದುರಿನವರ ಮರ್ಯಾದೆ ಹೋಗುತ್ತದೆ, 'ಯಾವಾಗ ಬಂದಿರಿ' ಅಂದರೆ ತಮ್ಮದು ಹೋಗುತ್ತದೆ. ಆದ್ದರಿಂದ 'ಯಾವಾಗ ಬಂದದ್ದು?', 'ಚಹಾ ಆಯಿತಾ?', 'ಕೂರೋಣ ಆಗಲಿ' ಎಂದು ಯಾರಿಗೂ ಅಂಟದ ಹಾಗೆ ಮಾತಾಡಿ ದಾಟಿಕೊಳ್ಳುವುದು. ಮ್ಯಾನೇಜರ ಜೊತೆ ಹನ್ನೊಂದು ವರ್ಷ ಹೀಗೇ ಸಾಗಿತ್ತು. ಮ್ಯಾನೇಜರಿಗೂ ಅದು ಗೊತ್ತಿತ್ತು, ಆದರೆ ವ್ಯಾಕರಣದ ಮೇಲೆ ಮೆಮೋ ಕೊಡಲು ಬರುತ್ತದೆಯೇ?

ಎಲ್ಲ ಶುರುವಾದದ್ದು ಅವರ ಬಲಭುಜದಿಂದ. ಎಳೆದರೆ ಕುತ್ತಿಗೆಗೆ ಬಿಗಿಯುವ ಸರಪಳಿಯನ್ನು ಮೂವತ್ತೊಂದು ವರ್ಷ ಎಳೆದೂ ಎಳೆದೂ ಅಲ್ಲಿನ ಸ್ನಾಯು ಹರಿದಿತ್ತು. ಡಾಕ್ಟರು ಕೈಯನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ತೂಗುಹಾಕಿ, ಆರು ವಾರ ಅಲ್ಲಾಡಿಸಕೂಡದು ಅಂದರು. ಅದೇ ಶಾಲೆಯಲ್ಲಿ ನಾಯಿಗಳ ಊಟ, ಔಷಧಿ ನೋಡಿಕೊಳ್ಳುತ್ತಿದ್ದ ಮಗಳು ಆ ಆರು ವಾರದ ಮಟ್ಟಿಗೆ ದಫೇದಾರನನ್ನು ತನ್ನ ಕೈಗೆ ತೆಗೆದುಕೊಂಡಳು. ಸರಪಳಿಯನ್ನು ಮೊಳೆಗೆ ನೇತುಹಾಕಿ ಎದೆಗೆ ಅಗಲ ಪಟ್ಟಿ ತೊಡಿಸಿದಳು. ಚೀಲದಲ್ಲಿ ಈಲಿ ತುಂಬಿಕೊಂಡಳು.

"ಲಂಚ ಕೊಟ್ಟು ಕೆಲಸ ಮಾಡಿಸ್ತೀಯಾ?" ಅಂತ ಮೇಷ್ಟ್ರು ಆಗ ಕೇಳಿದ್ದರು.

"ಲಂಚ ಕೆಲಸಕ್ಕೆ ಮುಂಚೆ ಕೊಡೋದಪ್ಪ. ಇದು ಆದ ಮೇಲೆ ಕೊಡೋದು, ಸಂಬಳ. ನೀವೂ ತಗೋತೀರಲ್ಲ."

"ದಂಡಂ ದಶಗುಣಂ ಅಂದವರು ದಡ್ಡರಾ? ಮುನ್ನೂರು ನಾಯಿ ಪಾಸು ಮಾಡಿಸಿದೀನಿ ನಾನು."

ಅದು ಸುಳ್ಳಲ್ಲ. ಅವರ ನಾಯಿಗಳು ಕೂರೆಂದರೆ ಕೂರುತ್ತಿದ್ದವು, ನಿಲ್ಲೆಂದರೆ ಕಲ್ಲಿನಂತೆ ನಿಲ್ಲುತ್ತಿದ್ದವು. ಆದರೆ ಕರೆದರೆ ತಿರುಗಿ ಬಾರದ ಕಾವಲು ನಾಯಿಯನ್ನು ಯಾವ ಗೋದಾಮಿನವರೂ ಒಯ್ಯುವುದಿಲ್ಲ, ಕಚ್ಚಲು ಕಲಿತದ್ದನ್ನು ಮನೆಗಳಿಗೆ ಕೊಡುವ ಹಾಗೂ ಇಲ್ಲ. ಮೂರು ಸಲ ನಪಾಸಾದರೆ ಪಶುವೈದ್ಯರ ಸೂಜಿ. ಅಷ್ಟು ವರ್ಷಗಳಲ್ಲಿ ನಾಲ್ಕು ನಾಯಿಗಳಿಗೆ ಹಾಗಾಗಿತ್ತು. ನಾಲ್ಕು ದಿನವೂ ಮೇಷ್ಟ್ರು ಹೊಟ್ಟೆ ಸರಿಯಿಲ್ಲವೆಂದು ಊಟ ಬಿಟ್ಟಿದ್ದರು. ದಫೇದಾರ ಈಗಾಗಲೇ ಎರಡು ಸಲ ನಪಾಸು: ಬಾ ಅಂದಷ್ಟೂ ದೂರ ಸರಿದು, ನೀರಿನ ತೊಟ್ಟಿಯ ಹಿಂದೆ ಅಡಗಿತ್ತು. ಮೂರನೆಯ ಪರೀಕ್ಷೆಗೆ ಇನ್ನು ಮೂರು ದಿನ. ತಾನೇ ಕರೆದು ಪಾಸು ಮಾಡಿಸುತ್ತೇನೆಂದು ಮಗಳು ನಿಶ್ಚಿಂತೆಯಿಂದಿದ್ದಳು. ಆದರೆ ಈ ದಿನ ಬೆಳಿಗ್ಗೆ ಪರೀಕ್ಷಕರಿಂದ ಪತ್ರ ಬಂತು. ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಕರೆಯಬೇಕಂತೆ. ಹೆಸರು ಮೇಷ್ಟ್ರದು.

"'ಬಾ' ಅನ್ನೋದಕ್ಕೇನು ಧಾಡಿ?" ಅಂದರು ಮೇಷ್ಟ್ರು. "ಅದನ್ನೇ ಕಲಿಸಬೇಕಿತ್ತು."

"ಆ ಮಾತು ಕೆಟ್ಟುಹೋಗಿದೆ ಅಪ್ಪ. ಬಂದ ಹೊಸದರಲ್ಲಿ ಬೆಕ್ಕಿನ ಹಿಂದೆ ಓಡಿತ್ತಲ್ಲ, ನೆನಪಿದೆಯಾ? ನೀವು ಏಳು ಸಲ ಬಾ ಅಂದ್ರಿ. ಎಂಟನೇ ಸಲಕ್ಕೆ ಬಂತು. ಬಂದ ತಕ್ಷಣ ಬೆಲ್ಟಿನಲ್ಲಿ ಬಾರಿಸಿದ್ರಿ."

"ಓಡಿದ್ದಕ್ಕೆ ಬಾರಿಸಿದೆ."

"ಓಡಿದ್ದು ಅದಕ್ಕೆ ಯಾವಾಗಲೋ ಮರೆತಿತ್ತು. ಬಂದೆ, ಏಟು ಬಿತ್ತು. ಅಷ್ಟೇ ಅದಕ್ಕೆ ಗೊತ್ತಾಗಿದ್ದು. ಹೆದರಿಸಿ ನಿಲ್ಲಿಸಬಹುದು, ಹೆದರಿಸಿ ಹತ್ತಿರ ಕರೆಯೋದು ಹೇಗೆ?"

ಮೇಷ್ಟ್ರು ಕಟ್ಟಿದ್ದ ಕೈಯ ಬಟ್ಟೆ ಸರಿಮಾಡಿಕೊಂಡರು. "ಬೇರೆ ಮಾತೇ ಸಿಗಲಿಲ್ವಾ ನಿನಗೆ? ಭಾಷೇಲಿ ಬರಗಾಲವಾ?"

"ಈ ಅಂಗಳದಲ್ಲಿ ನೀವು ಒಂದು ದಿನವೂ ಆಡದೇ ಇರೋ ಮಾತು ಬೇಕಿತ್ತು," ಅಂದಳು ಮಗಳು. "ಹುಡುಕಿದೆ. ಇದೊಂದೇ ಸಿಕ್ಕಿದ್ದು."

ಮೇಷ್ಟ್ರಿಗೆ ಅದು ಚುರುಕೆಂದಿತು.

ಆ ಮೂರು ದಿನ ಮಗಳು ಅಪ್ಪನನ್ನು ಅಂಗಳದಲ್ಲಿ ಮಂಡಿಯೂರಿಸಿದಳು. ನಿಂತು ಕರೆದರೆ ನಾಯಿಗೆ ಆ ಎತ್ತರವೇ ಭಯವಂತೆ. ಅವಳು ಪಕ್ಕದಲ್ಲಿ ನಿಂತು "ಬನ್ನಿ" ಅನ್ನಬೇಕು, ನಾಯಿ ಬಂದಾಗ ಮೇಷ್ಟ್ರು ಎಡಗೈಯಿಂದ ಈಲಿ ಕೊಡಬೇಕು. ಮೊದಲ ದಿನ ದಫೇದಾರ ಹಿಂಗಾಲು ಅಲ್ಲೇ ಊರಿ ಕುತ್ತಿಗೆಯನ್ನಷ್ಟೇ ಚಾಚಿ, ಚೂರನ್ನು ಕಸಿದುಕೊಂಡು ಹಾರಿಹೋಯಿತು. ಎರಡನೆಯ ದಿನ ಚೂರು ತಿಂದು ಒಂದು ಕ್ಷಣ ನಿಂತಿತು. ಮೂರನೆಯ ದಿನ ಬೆರಳನ್ನೂ ನೆಕ್ಕಿತು. ಮೇಷ್ಟ್ರು ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು. ಆದರೆ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಬೇಲಿಯಾಚೆ ಗೇಟಿನವನು ಬೇಕೆಂದೇ ಕೆಮ್ಮುತ್ತಿದ್ದ, ಅವನ ಕಿವಿಗೆ ಬಿದ್ದರೆ ಪೇಟೆಗೆಲ್ಲ ಡಂಗುರ.

ಪರೀಕ್ಷೆಯ ಬೆಳಿಗ್ಗೆ ಮೇಷ್ಟ್ರು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿ, ನಲ್ಲಿ ಪೂರ್ತಿ ತಿರುಗಿಸಿದರು. ಕೈಕಟ್ಟು ಹಿಂದಿನ ದಿನವಷ್ಟೇ ಬಿಚ್ಚಿಯಾಗಿತ್ತು. ನೀರಿನ ಸದ್ದಿನಲ್ಲಿ, ಕನ್ನಡಿಯಲ್ಲಿನ ತಮ್ಮ ಮುಖಕ್ಕೆ ಹೇಳಿದರು: "ಬನ್ನಿ." ಯಾರೂ ಸಾಯಲಿಲ್ಲ. ಸ್ವಲ್ಪ ಗಟ್ಟಿಯಾಗಿ, "ಬನ್ನಿ, ಬನ್ನಿ" ಅಂದರು. ಪರವಾಗಿಲ್ಲ ಅನ್ನಿಸಿತು.

ಹೊರಗೆ ಬಂದರೆ ಹೆಂಡತಿ ತಲೆಗೂದಲು ಸರಿಮಾಡಿಕೊಂಡು, ಮುಂಬಾಗಿಲು ತೆರೆದು ಬೀದಿ ಇಣುಕುತ್ತಿದ್ದಳು.

"ಯಾರ್ರೀ ಬಂದಿರೋದು? ಚಹಾಕ್ಕೆ ಇನ್ನೆರಡು ಲೋಟ ನೀರು ಜಾಸ್ತಿ ಇಟ್ಟೆ."

"ಯಾರೂ ಇಲ್ಲ."

"ಮತ್ತೆ ಬನ್ನಿ ಬನ್ನಿ ಅಂತ ಕೇಳಿಸ್ತು?"

"ನಲ್ಲಿ," ಅಂದರು ಮೇಷ್ಟ್ರು. ಹೆಂಡತಿ ಅವರ ಮುಖವನ್ನೇ ನೋಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನೆಯ ನಲ್ಲಿಯಾದರೂ ಮರ್ಯಾದೆ ಕಲಿಯಿತಲ್ಲ ಅಂದುಕೊಂಡು ಒಳಗೆ ಹೋದಳು.

ಹತ್ತು ಗಂಟೆಗೆ ಪರೀಕ್ಷಕಿ ಬಂದರು. ಕೆಸರಿನ ಬೂಟು, ಕತ್ತಿನಲ್ಲಿ ಸೀಟಿ, ಹಲಗೆಗೆ ಕಚ್ಚಿಸಿದ ಹಾಳೆ. ಮಾತು ಕಡಿಮೆ. ಕೂರಿಸುವುದು, ಮಲಗಿಸುವುದು, ಪಕ್ಕದಲ್ಲಿ ತಗಡಿನ ಡಬ್ಬ ಬೀಳಿಸಿದರೂ ಕದಲದಿರುವುದು ಎಲ್ಲಕ್ಕೂ ಅವರು ಗುರುತು ಹಾಕುತ್ತ ಹೋದರು. ಕೊನೆಯದು ಕರೆಯುವುದು. ತೋಳಿಗೆ ದಪ್ಪ ಗವಸು ತೊಟ್ಟವನೊಬ್ಬ ಓಡುತ್ತಾನೆ, ನಾಯಿಯನ್ನು ಅವನ ಹಿಂದೆ ಬಿಡಬೇಕು, ಅರ್ಧ ದಾರಿಯಲ್ಲಿ ಪರೀಕ್ಷಕಿ ಕೈ ಎತ್ತಿದಾಗ ವಾಪಸು ಕರೆಯಬೇಕು.

"ಮೂರು ಕರೆ," ಅಂದರು ಪರೀಕ್ಷಕಿ. "ಕೈಯಲ್ಲಿ ತಿನಿಸು ಇರಬಾರದು."

ಮೇಷ್ಟ್ರು ಎರಡೂ ಅಂಗೈ ತೋರಿಸಿದರು. ಬೇಲಿಯ ಹತ್ತಿರ ಮ್ಯಾನೇಜರು, ಗೇಟಿನವನು, ಅಡುಗೆಯವರು, ಔಷಧಿ ಪೆಟ್ಟಿಗೆ ಹಿಡಿದು ಬಂದಿದ್ದ ಪಶುವೈದ್ಯರು. ಆ ಪೆಟ್ಟಿಗೆ ಕಂಡು ಮೇಷ್ಟ್ರು ಮಗಳ ಕಡೆ ತಿರುಗಿದರು. ಮಗಳು ಅದರ ಕಡೆ ಬೆನ್ನು ಹಾಕಿ ನಿಂತಿದ್ದಳು.

ಗವಸಿನವನು ಓಡಿದ. ದಫೇದಾರ ಬಿಟ್ಟ ಬಾಣವಾಯಿತು. ಪರೀಕ್ಷಕಿಯ ಕೈ ಮೇಲಕ್ಕೆ ಹೋಯಿತು. ಮೇಷ್ಟ್ರ ತಲೆಯಲ್ಲಿ ಇದ್ದದ್ದು ಒಂದು, ಮೂವತ್ತೊಂದು ವರ್ಷದ ನಾಲಿಗೆ ಆಡಿದ್ದು ಇನ್ನೊಂದು.

"ಬಾ!"

ನಾಯಿ ಅಲ್ಲೇ ಕಾಲೂರಿ ನಿಂತಿತು. ಕಿವಿ ತಲೆಗಂಟಿತು, ಹೊಟ್ಟೆ ನೆಲಕ್ಕಿಳಿಯಿತು, ಬಾಲ ಕಾಲಿನ ಸಂದಿಯಲ್ಲಿ ಮಾಯವಾಯಿತು. ಅದು ತೆವಳುತ್ತ ನೀರಿನ ತೊಟ್ಟಿಯ ಕಡೆಗೆ ಒಂದು ಮೊಳ ಸರಿಯಿತು.

"ಒಂದು," ಅಂದರು ಪರೀಕ್ಷಕಿ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬೇಲಿಯ ಹತ್ತಿರ ಇಷ್ಟು ಜನ. ಮ್ಯಾನೇಜರು. ಅದರಲ್ಲೂ ಗೇಟಿನವನು. ಹಳೆಯ ಉಪಾಯ ತಾನಾಗಿ ಬಾಯಿಗೆ ಬಂತು.

"ಬರೋಣ ಆಗಲಿ," ಅಂದರು.

ದಫೇದಾರ ತಲೆ ಓರೆ ಮಾಡಿತು. ಇದು ಯಾವ ಊರಿನ ಮಾತೋ ಅದಕ್ಕೆ ತಿಳಿಯಲಿಲ್ಲ. ಬೇಲಿಯಲ್ಲಿ ಗೇಟಿನವನು ನಗು ತಡೆಯಲು ಟೋಪಿ ಕಚ್ಚಿಕೊಂಡ.

"ಎರಡು," ಅಂದರು ಪರೀಕ್ಷಕಿ. ಪಶುವೈದ್ಯರು ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

ಆಗ ಮೇಷ್ಟ್ರು ನಾಯಿಯನ್ನು ನೋಡಿದರು. ಅದು ಅವರ ಮುಖ ನೋಡುತ್ತಿರಲಿಲ್ಲ. ಕಟ್ಟು ಬಿಚ್ಚಿದ ಅವರ ಬಲಗೈಯನ್ನು ನೋಡುತ್ತಿತ್ತು, ಅದು ಸೊಂಟದ ಬೆಲ್ಟಿನ ಕಡೆ ಹೋಗುತ್ತದೋ ಇಲ್ಲವೋ ಎಂದು. ತಮ್ಮ ಮುನ್ನೂರು ನಾಯಿಗಳೂ ಕಲ್ಲಿನಂತೆ ಕೂತು ಹೀಗೇ ತಮ್ಮ ಕೈಯನ್ನು ನೋಡುತ್ತಿದ್ದವೆಂದು ಅವರಿಗೆ ಈಗ ನೆನಪಾಯಿತು. ಅದನ್ನೇ ಅವರು ವಿಧೇಯತೆ ಅಂದುಕೊಂಡಿದ್ದರು. ನಾಚಿಕೆಯಾಯಿತು. ಅಷ್ಟು ಜನರ ಎದುರು ಬರುವ ನಾಚಿಕೆಯಲ್ಲ, ಈ ಒಂದು ನಾಯಿಯ ಎದುರು ಬಂದದ್ದು. ಕಣ್ಣು ಮಂಜಾಯಿತು.

ಅವರು ಮಂಡಿಯೂರಿದರು. ಎರಡೂ ಕೈ ತೊಡೆಯ ಮೇಲೆ ಅಂಗಾತ ಇಟ್ಟರು.

"ದಫೇದಾರರೇ," ಅಂದರು. ಬೇಲಿಯ ತುದಿಯವರೆಗೂ ಕೇಳಿಸಿತು. "ಬನ್ನಿ."

ಅದು ಎದ್ದದ್ದು ಯಾರಿಗೂ ಕಾಣಲಿಲ್ಲ, ಓಡಿಬರುತ್ತಿರುವುದೇ ಕಂಡಿತು. ನಾಲಿಗೆ ಒಂದು ಪಕ್ಕಕ್ಕೆ, ಮೀಸೆ ಇನ್ನೊಂದು ಪಕ್ಕಕ್ಕೆ, ಹಿಂದೆ ಧೂಳಿನ ಮೋಡ. ಎದುರಿಗೆ ಬಂದು ಶಿಸ್ತಾಗಿ ಕೂರಬೇಕೆಂದು ಮಗಳು ಕಲಿಸಿದ್ದನ್ನು ಅದು ಸಂತೋಷದಲ್ಲಿ ಮರೆತೇ ಬಿಟ್ಟಿತು. ನೇರ ಬಂದು ಮೇಷ್ಟ್ರ ಎದೆಗೆ ಬಡಿಯಿತು. ಮೇಷ್ಟ್ರು ಅಂಗಾತ ಬಿದ್ದರು, ನಾಯಿ ಅವರ ಮೇಲೆ ಬಿತ್ತು.

"ಬಂದ್ರಾ," ಅನ್ನುತ್ತಿದ್ದರು ಮೇಷ್ಟ್ರು ಅದರ ಅಡಿಯಿಂದ. "ಬಂದ್ರಾ ಸ್ವಾಮಿ, ಬಂದೇಬಿಟ್ರಾ." ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ? ಅವರು ನಗುತ್ತಿದ್ದರು, ನಾಯಿ ಅವರ ಕಿವಿ, ಮೂಗು, ಕನ್ನಡಕ ಎಲ್ಲವನ್ನೂ ನೆಕ್ಕುತ್ತಿತ್ತು. ಬೇಲಿಯಲ್ಲಿ ಅಡುಗೆಯವರು ಚಪ್ಪಾಳೆ ಶುರುಮಾಡಿದರು. ಮೂರು ದಿನದಿಂದ ನಗಲು ಕಾದಿದ್ದ ಗೇಟಿನವನು ನಗುವುದನ್ನು ಮರೆತು ಎಲ್ಲರಿಗಿಂತ ಜೋರಾಗಿ ತಟ್ಟಿದ. ಮಗಳು ಬೇಲಿಯ ಕಂಬ ಹಿಡಿದುಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಪರೀಕ್ಷಕಿ ಹಾಳೆಯ ಮೇಲೆ ಪೆನ್ನು ಓಡಿಸಿದರು.

"ಮೂರನೇ ಕರೆಗೆ ಬಂದಿದೆ. ನಿಯಮದೊಳಗೇ ಇದೆ, ಪಾಸು. ನಿಮ್ಮ ಸಹಿ ಬೇಕು ಮೇಷ್ಟ್ರೇ."

"ಒಂದು ನಿಮಿಷ ತಡೀರಿ," ಅಂದರು ಮೇಷ್ಟ್ರು.

ಮ್ಯಾನೇಜರು ಪಶುವೈದ್ಯರ ಮುಖ ನೋಡಿದರು. ಪಶುವೈದ್ಯರು ಪೆಟ್ಟಿಗೆಯನ್ನು ವ್ಯಾನಿನಲ್ಲಿಡಲು ಹೊರಟರು.

ದಫೇದಾರ ಈಗ ನೆಕ್ಕುವುದನ್ನು ನಿಲ್ಲಿಸಿ, ಮೇಷ್ಟ್ರ ನೋಯುವ ಭುಜದ ಮೇಲೇ ತಲೆಯಿಟ್ಟು ಏದುಸಿರು ಬಿಡುತ್ತಿತ್ತು. ಅವರು ಬಲಗೈ ಎತ್ತಿ ಮೆಲ್ಲಗೆ ಅದರ ಕುತ್ತಿಗೆಯ ಮೇಲಿಟ್ಟರು. ನಾಯಿ ಬೆದರಲಿಲ್ಲ. ದಟ್ಟ ಕೂದಲಿನ ನಡುವೆ ಬೆರಳಿಗೆ ಒಂದು ತಗ್ಗು ಸಿಕ್ಕಿತು. ಕುತ್ತಿಗೆಯ ಸುತ್ತಲೂ, ಬಳೆಯಷ್ಟು ಅಗಲಕ್ಕೆ, ಸರಪಳಿ ಉಜ್ಜಿ ಕೂದಲು ಸವೆದುಹೋದ ಜಾಗ. ಅಲ್ಲಿ ಈಗ ಹೊಸದು ಹುಟ್ಟುತ್ತಿತ್ತು, ಇನ್ನೂ ಗಿಡ್ಡ, ತುಂಬಾ ಮೆತ್ತಗೆ. ಮೇಷ್ಟ್ರು ಬೆರಳನ್ನು ಅಲ್ಲಿಂದ ತೆಗೆಯದೆ, ಧೂಳಿನಲ್ಲಿ ಹಾಗೇ ಮಲಗಿದ್ದರು.