ಸುಭದ್ರಾ ಕೇಳಿದ ಮೆಕ್ಯಾನಿಕಲ್

"ಎಲೆಕ್ಟ್ರಾನಿಕ್ಸ್ ಅಂತ ಹೇಳಿಬಿಡು. ಒಂದೇ ಮಾತು," ಎಂದ ಬಸವಂತರಾಯ. ಬಸ್ಸು ಗುಲಬರ್ಗಾ ನಿಲ್ದಾಣದೊಳಕ್ಕೆ ತಿರುಗುತ್ತಿತ್ತು.

ಸುಭದ್ರಾ ಚೀಲ ಹೆಗಲಿಗೇರಿಸಿಕೊಂಡಳು. "ನೋಡೋಣ್ರಿ ಮಾಮಾ."

ಅದು ಒಪ್ಪಿಗೆಯಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಒಪ್ಪಿಗೆಯೆಂದೇ ಇಟ್ಟುಕೊಂಡ. ಹಾಗೆ ಇಟ್ಟುಕೊಳ್ಳುವುದು ಅವನಿಗೆ ರೂಢಿ.

ಎಂಬತ್ತೈದನೆಯ ಇಸವಿ. ಅವನು ಜೇವರ್ಗಿಯಲ್ಲಿ ರಸ್ತೆ ಮಾಡಿಸುವ ಸರಕಾರಿ ಇಂಜಿನಿಯರ್. ಅವಳು ಅಫಜಲಪುರದ ಅಕ್ಕನ ಮಗಳು. ಇಂಜಿನಿಯರಿಂಗ್ ಸೀಟು ಹಂಚುವ ಸಂದರ್ಶನಕ್ಕೆ ಅವಳ ಅಪ್ಪ ದೌಲತರಾಯ ತಾನು ಬಾರದೆ ಇವನನ್ನು ಕರೆಸಿಕೊಂಡು ಜೊತೆಗೆ ಕಳಿಸಿದ್ದ.

"ಓದಿದವ ನೀ. ಕೂಸಿಗಿ ದಾರಿ ತೋರಸು. ನೆರಳಾಗ ಕುಂತು ಮಾಡೋ ಕೆಲಸ ಇರ್ಬೇಕು ನೋಡು," ಎಂದಿದ್ದ ದೌಲತರಾಯ.

"ಹೌದ್ರಿ ಭಾವಾ," ಅಂದಿದ್ದ ಬಸವಂತರಾಯ. ಭಾವನ ಮುಂದೆ ಅವನು ಬೇರೆ ಮಾತು ಆಡಿದ್ದೇ ಇಲ್ಲ.

ಕಾಲೇಜಿನ ಪಡಸಾಲೆಯಲ್ಲಿ ಕಾಯುತ್ತ ಕೂತಾಗ ಅವಳು ಕೇಳಿದಳು. "ನೀವು ಸಿವಿಲ್ ಯಾಕ ತಗೊಂಡ್ರಿ?"

"ಅಣ್ಣ ಹೇಳಿದ್ರು."

"ನಿಮಗೇನು ಬೇಕಿತ್ತು?"

ಅವನು ನೆನಪು ಮಾಡಿಕೊಳ್ಳಲು ನೋಡಿದ. ಮರೆತದ್ದಲ್ಲ, ಅಲ್ಲಿ ಏನೂ ಇರಲೇ ಇಲ್ಲ.

"ಈಗ್ಯಾಕ ಅದು," ಎಂದ.

ಇಬ್ಬರನ್ನೂ ಒಳಗೆ ಕರೆದರು. ಸಂದರ್ಶನಕ್ಕೆ ಕೂತವರಲ್ಲಿ ಕನ್ನಡಕದ ಹಿರಿಯರೊಬ್ಬರು ಅವಳ ಅಂಕಗಳನ್ನು ನೋಡಿ ಮೆಚ್ಚಿಕೊಂಡರು. "ಎಲೆಕ್ಟ್ರಾನಿಕ್ಸ್ ಸಿಗ್ತದ ತಂಗಿ. ಬರೀಲೇನು?"

"ಮೆಕ್ಯಾನಿಕಲ್ ಬರೀರಿ ಸರ್."

ಪೆನ್ನು ನಿಂತಿತು. "ಕುಲುಮಿ, ವೆಲ್ಡಿಂಗ್ ಎಲ್ಲಾ ಮಾಡ್ಬೇಕಾಗ್ತದ. ಹೆಣ್ಮಕ್ಕಳು ಒಬ್ಬರೂ ಇಲ್ಲ ಅಲ್ಲಿ."

"ಗೊತ್ತದರಿ."

"ಮತ್ತ ಯಾಕ ಬೇಕು?"

"ನಮ್ಮ ಹಿಟ್ಟಿನ ಗಿರಣಿ ಇಂಜಿನ್ ಒಮ್ಮೆ ಬಿಚ್ಚಿದ್ದೆರಿ. ಬಿಚ್ಚಾಕ ಬಂತು. ತಿರುಗಿ ಜೋಡಸಾಕ ಬರಲಿಲ್ಲ. ಓಣಿ ಮಂದಿ ಎಲ್ಲಾ ಜ್ವಾಳ ಹೊತ್ಕೊಂಡು ಬ್ಯಾರೆ ಗಿರಣಿಗಿ ಹೋದ್ರು. ಅದು ಕಲೀಬೇಕ್ರಿ."

ಯಾರೂ ನಗಲಿಲ್ಲ. ತನ್ನ ಸೋಲನ್ನು ಅವಳು ಊರ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದ್ದಳು. ಬಸವಂತರಾಯನಿಗೆ ಎದೆ ತುಂಬಿ ಬಂತು. ಹಿಂದೆಯೇ ಒಂದು ಬಗೆಯ ಹೊಟ್ಟೆಕಿಚ್ಚೂ. ಅವನು ಹಾಗೆ ಯಾವತ್ತೂ ಸೋತಿರಲಿಲ್ಲ. ಸೋಲಲಿಕ್ಕೆ ಏನನ್ನಾದರೂ ಬಿಚ್ಚಿರಬೇಕು.

ಹಿರಿಯರು ಅವನತ್ತ ತಿರುಗಿದರು. "ನೀವೇನಂತೀರಿ? ಮನೆಯವರು ಒಪ್ಪಿದ್ರ ಬರೀತೇನಿ."

ಭಾವನ ಮುಖ ಕಣ್ಣ ಮುಂದೆ ಬಂತು. ಸುಭದ್ರಾ ಅವನ ಕಡೆ ನೋಡಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಅವನಿಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

"ಅಕಿ ಹೇಳಿದ್ದೇ ಬರೀರಿ."

ದನಿ ತನ್ನದೆನ್ನಿಸಲಿಲ್ಲ. ಮರುಗಳಿಗೆಗೆ, ಅವರಪ್ಪನನ್ನು ಒಂದು ಮಾತು ಕೇಳುವುದಿತ್ತು ಎಂದು ಸೇರಿಸಲು ಬಾಯಿ ತೆರೆದ. ಆಗಲೇ ಪೆನ್ನು ಓಡುತ್ತಿತ್ತು.

ಹೊರಗೆ ಬಿಸಿಲು ಬಿದ್ದಿತ್ತು. "ನಿಮ್ಮಪ್ಪಗ ಯಾರು ಹೇಳ್ತಾರ?" ಎಂದ.

"ನಾನೇ ಹೇಳ್ತೇನ್ರಿ. ನೀವು ಜೇವರ್ಗಿ ಬಸ್ ಹತ್ರಿ."

ಅದರಲ್ಲಿ ಕುಹಕವಿರಲಿಲ್ಲ, ಬರೀ ಕರುಣೆ. ನಾನೂ ಬರ್ತೇನಿ ಎನ್ನಬೇಕಿತ್ತು. ಅವನು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

ಆವರಣದ ಹಿಂದೆ ವರ್ಕ್‌ಶಾಪಿನ ಬಾಗಿಲು ತೆರೆದಿತ್ತು. "ಬರ್ರಿ ಮಾಮಾ, ನೋಡೋಣು."

"ನೀ ನೋಡಿ ಬಾ."

ಅವಳು ಒಳಗೆ ಹೋದಳು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದು ಯಂತ್ರದ ಮುಂದೆಯೂ ನಿಂತು, ಬಗ್ಗಿ, ಅದರ ಹಲ್ಲು ಚಕ್ರಗಳನ್ನು ನೋಡುತ್ತ ದೂರ ಸಾಗಿದಳು. ಎಷ್ಟು ಚೆಂದ ನಡೆಯುತ್ತಾಳೆ ಅನ್ನಿಸಿತು.

ಬಾಗಿಲ ಬಳಿ ಯಾರೋ ಒಂದು ಲೇಥ್ ಯಂತ್ರವನ್ನು ಚಾಲೂ ಬಿಟ್ಟು ಹೋಗಿದ್ದರು. ಕಬ್ಬಿಣ ಕಚ್ಚಿ ಹಿಡಿಯುವ ಅದರ ಬಾಯಲ್ಲಿ ಏನೂ ಇರಲಿಲ್ಲ. ಕಬ್ಬಿಣ ಕೆತ್ತುವ ಉಳಿ ಹರಿತವಾಗಿ, ತನ್ನ ಜಾಗದಲ್ಲೇ ಕೂತಿತ್ತು. ಖಾಲಿ ಬಾಯಿ ಹೊಳೆಯುತ್ತ, ಒಂದಿಷ್ಟೂ ಓಲಾಡದೆ, ಗರಗರ ತಿರುಗುತ್ತಲೇ ಇತ್ತು. ಬಸವಂತರಾಯ ಸುತ್ತಲೂ ನೋಡಿದ. ಅದನ್ನು ನಿಲ್ಲಿಸುವವರು ಯಾರೂ ಕಾಣಲಿಲ್ಲ.