ಹತ್ತು ನಿಮಿಷ ಬಾಯಿ ಮುಚ್ಚುವ ಬೆಂಚು

ಪುರಸಭೆ ಕಟ್ಟಡದ ಹಿಂಬದಿಯಲ್ಲಿ, ಹಿಂದೊಮ್ಮೆ ಜನನ ಮರಣದ ದಾಖಲೆ ಕೊಡುತ್ತಿದ್ದ ಕೋಣೆಯಲ್ಲಿ, ಈಗ ದಿನಾ ಬೆಳಿಗ್ಗೆ ಏಳಕ್ಕೆ ಹದಿನಾಲ್ಕು ಜನ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಶಿಕ್ಷೆಯೇನಲ್ಲ. ಅಫೀಮಿನ ಜಾತಿಯ ನೋವಿನ ಮಾತ್ರೆಗೆ ಅಂಟಿಕೊಂಡವರನ್ನು ಅದರಿಂದ ಬಿಡಿಸಲು ಇನ್ನೊಂದು ಮಾತ್ರೆ ಕೊಡುತ್ತಾರೆ. ಅದನ್ನು ನುಂಗಬಾರದು, ನಾಲಿಗೆಯ ಕೆಳಗಿಟ್ಟುಕೊಂಡು ಕರಗಲು ಬಿಡಬೇಕು. ಹತ್ತು ನಿಮಿಷ. ನಡುವೆ ಮಾತಾಡಿದರೆ ಮದ್ದು ಎಂಜಲಿನ ಜೊತೆ ಹೊಟ್ಟೆಗಿಳಿಯುತ್ತದೆ, ಹೊಟ್ಟೆಗಿಳಿದದ್ದು ಕೆಲಸಕ್ಕೆ ಬಾರದು.

ಮಾತ್ರೆ ಕೊಡುವ ನರ್ಸಿಗೆ ಬೆಂಚಿನವರು ಇಟ್ಟ ಹೆಸರು ಟಾರ್ಚಕ್ಕ. ಹತ್ತು ನಿಮಿಷ ಮುಗಿದ ಮೇಲೆ ಒಬ್ಬೊಬ್ಬರ ನಾಲಿಗೆ ಎತ್ತಿಸಿ ಬೆಳಕು ಬಿಟ್ಟು ನೋಡುವುದು ಅವಳ ಕೆಲಸ. ಆದರೆ ನಿಜವಾಗಿ ಅವಳಿಗೆ ಇಷ್ಟವಾದ ಕೆಲಸ ಆ ಹತ್ತು ನಿಮಿಷದ್ದು. ಎದುರಿಗೆ ಹದಿನಾಲ್ಕು ಜನ ತುಟಿ ಬಿಚ್ಚದೆ ಕೂತಿರುವಾಗ ಮಾತಾಡಲು ಅವಳಿಗಿಂತ ಪುಣ್ಯವಂತರು ಯಾರು? ತನ್ನ ಸೊಂಟನೋವು, ಗಂಡನ ಗೊರಕೆ, ನಲ್ಲಿಯಲ್ಲಿ ಬಾರದ ನೀರು, ಎಲ್ಲ ಹೇಳುತ್ತಿದ್ದಳು. ಅವರು ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದರು. ಶಾಲಾ ಬಸ್ಸಿನ ಡ್ರೈವರಂತೂ ಹುಬ್ಬಿನಲ್ಲೇ ಒಂದು ನಾಟಕ ಆಡಿಬಿಡುತ್ತಿದ್ದ.

ಬೆಂಚಿನ ಎಡತುದಿಯಲ್ಲಿ ಕೂರುವವಳು ಟಾರ್ಚಕ್ಕನ ಸ್ವಂತ ತಂಗಿ. ಬಟ್ಟೆ ಹೊಲಿಯುವವಳು. ಎರಡನೇ ಹೆರಿಗೆಯಲ್ಲಿ ಹೊಟ್ಟೆ ಕೊಯ್ದಿದ್ದರು. ಹೊಲಿಗೆಯ ನೋವಿಗೆ ಕೊಟ್ಟ ಮಾತ್ರೆ ನೋವು ಹೋದರೂ ಹೋಗಲಿಲ್ಲ. ಡಾಕ್ಟರ ಚೀಟಿ ನಿಂತ ಮೇಲೆ ಚೀಟಿ ಕೇಳದ ಅಂಗಡಿ ಸಿಕ್ಕಿತು. ಎರಡು ವರ್ಷ ಹಾಗೇ ನಡೆಯಿತು. ಈ ಬೆಂಚಿಗೆ ಬಂದು ಈಗ ಎಪ್ಪತ್ತೊಂದು ದಿನ. ಅಕ್ಕನಿಗೆ ಎಪ್ಪತ್ತೊಂದೂ ದಿನದ ಲೆಕ್ಕ ಬಾಯಲ್ಲೇ ಇತ್ತು, ಯಾರಾದರೂ ಕೇಳಿದರೆ ಸಾಕು, ಹೇಳಿಬಿಡುತ್ತಿದ್ದಳು.

ಈ ಕೋಣೆ ನಡೆಯುವುದು ಸರ್ಕಾರದಿಂದ ಬರುವ ಅನುದಾನದಲ್ಲಿ. ಮೂರು ವರ್ಷದ ಅವಧಿ ಮುಗಿಯುತ್ತ ಬಂದಿತ್ತು. ಮುಂದಿನ ಅನುದಾನವನ್ನು ಇದೇ ಕೋಣೆಗೆ ಕೊಡುವುದೋ ಅಥವಾ ಊರ ಬಾಗಿಲಲ್ಲಿ 'ವ್ಯಸನಮುಕ್ತ ಪಟ್ಟಣಕ್ಕೆ ಸ್ವಾಗತ' ಎಂದು ದೀಪ ಬಿಟ್ಟ ಕಮಾನು ಕಟ್ಟಿಸುವುದೋ ಎಂದು ಪುರಸಭೆಯ ಸಮಿತಿ ತೀರ್ಮಾನಿಸಬೇಕಿತ್ತು. ಕಮಾನಿನ ಚಿತ್ರ ಆಗಲೇ ಅಧ್ಯಕ್ಷರ ಕೋಣೆಯ ಗೋಡೆಗೆ ಏರಿತ್ತು. ಕಮಾನಿನ ನಡುವೆ ಅವರ ಮುಖವೂ ಇತ್ತು, ದೀಪ ಬಿಟ್ಟದ್ದು.

ಸಮಿತಿ ಬರುವ ಹಿಂದಿನ ದಿನ ಆರೋಗ್ಯಾಧಿಕಾರಿ ಫೋನ್ ಮಾಡಿದ.

"ಸಿಸ್ಟರ್, ನಾಳೆ ಪೇಷಂಟುಗಳು ಸ್ವಲ್ಪ ನೋಡೋ ಹಾಗಿರಲಿ."

"ನೋಡೋ ಹಾಗೆ ಅಂದ್ರೆ ಹೇಗೆ ಸಾರ್?"

"ತೀರಾ ಚೆನ್ನಾಗಿ ಕಂಡ್ರೆ, ಇವರಿಗ್ಯಾಕೆ ದುಡ್ಡು ಅಂತಾರೆ. ತೀರಾ ಕೆಟ್ಟು ಕಂಡ್ರೆ, ಕೊಟ್ಟ ದುಡ್ಡು ಏನಾಯ್ತು ಅಂತಾರೆ. ನಡುವೆ ಇರಲಿ. ನಿಮಗೆ ಅರ್ಥವಾಗುತ್ತೆ."

"ಎಡಗೆನ್ನೆ ಒಣಗಿಸಿ, ಬಲಗೆನ್ನೆಗೆ ಪೌಡರ್ ಹಾಕಿಸಲಾ?" ಎಂದಳು ಟಾರ್ಚಕ್ಕ. ಅವನಿಗೆ ತಮಾಷೆ ಹತ್ತಲಿಲ್ಲ. "ಅದು ನಿಮಗೆ ಬಿಟ್ಟಿದ್ದು" ಎಂದು ಫೋನಿಟ್ಟ.

ಮರುದಿನ ಏಳೂ ನಾಲ್ಕಕ್ಕೆ ಸಮಿತಿ ಬಂತು. ಎಲ್ಲರ ನಾಲಿಗೆಯಡಿ ಮಾತ್ರೆ ಇಟ್ಟು ನಾಲ್ಕು ನಿಮಿಷವಾಗಿತ್ತಷ್ಟೇ. ಐದು ಜನ, ಒಬ್ಬ ಫೋಟೋಗ್ರಾಫರ್, ಒಂದು ಪೆಟ್ಟಿಗೆ ತುಂಬ ಕೈಗೆ ಹಾಕುವ ರಬ್ಬರ್ ಪಟ್ಟಿ. ಪಟ್ಟಿಯ ಮೇಲೆ 'ಬೇಡ ಅನ್ನೋಣ' ಎಂದು ಅಚ್ಚಾಗಿತ್ತು. ಕೋಣೆಯಲ್ಲಿ ಫಿನಾಯಿಲ್ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ, ಆದರೂ ಅಧ್ಯಕ್ಷರು ಕರವಸ್ತ್ರ ತೆಗೆದು ಮೂಗಿಗಿಟ್ಟರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಅಂಟುವ ಕಾಯಿಲೆಯಿದ್ದರೆ ಎಂಬಂತೆ ಬೆಂಚಿನಿಂದ ಎರಡು ಮಾರು ದೂರ ನಿಂತು ಡ್ರೈವರನ್ನು ಕೇಳಿದರು:

"ಏನಪ್ಪಾ, ಎಷ್ಟು ವರ್ಷದಿಂದ ಈ ಚಟ?"

ಡ್ರೈವರ್ ತನ್ನ ಬಾಯಿ ತೋರಿಸಿ ಕೈ ಆಡಿಸಿದ.

"ಮೂಗನಾ ಇವನು?"

ಪಕ್ಕದಲ್ಲಿದ್ದ ವೆಲ್ಡರ್ ಮೂಗಿನಲ್ಲೇ ನಕ್ಕ.

"ಇಲ್ಲ ಸಾರ್, ಮಾತ್ರೆ ಇದೆ. ಇನ್ನು ಆರು ನಿಮಿಷ ಬಾಯಿ ಬಿಡೋ ಹಾಗಿಲ್ಲ" ಎಂದಳು ಟಾರ್ಚಕ್ಕ. "ಅಲ್ಲೀವರೆಗೆ ಏನು ಬೇಕಾದ್ರೂ ನನ್ನ ಕೇಳಿ. ನಾನು ಮಾತಾಡೋದ್ರಲ್ಲಿ ಹದಿನಾಲ್ಕು ಜನಕ್ಕೆ ಸಮ."

"ನಿಮ್ಮ ಮಾತು ಕೇಳೋಕೆ ನಾನು ಬಂದಿಲ್ಲಮ್ಮ. ಸಂಬಳ ತಗೊಳ್ಳೋರು ಚೆನ್ನಾಗಿದೆ ಅಂತಲೇ ಹೇಳ್ತಾರೆ. ಎಂಟಕ್ಕೆ ನನಗೆ ಉದ್ಘಾಟನೆ ಇದೆ. ಎಲ್ಲಾ ಗೊಂಬೆಗಳ ಹಾಗೆ ಕೂತಿದ್ದಾರೆ, ಏನಂತ ಬರೀಲಿ ನಾನು?"

ಆರೋಗ್ಯಾಧಿಕಾರಿ ಟಾರ್ಚಕ್ಕನ ಕಿವಿಯ ಹತ್ತಿರ ಬಂದ. ಬಾಯಿಂದ ಲವಂಗದ ವಾಸನೆ. "ಯಾರಾದ್ರೂ ಒಬ್ಬರು ಮಾತಾಡ್ಲಿ ಸಿಸ್ಟರ್. ಹೆಂಗಸಾದ್ರೆ ಇನ್ನೂ ಒಳ್ಳೇದು. ಇಲ್ಲಾಂದ್ರೆ ಇವರು ಇಲ್ಲಿಂದ ಹೋದ ಕೂಡಲೇ ಕಮಾನಿಗೆ ಸಹಿ ಹಾಕ್ತಾರೆ."

ಈ ಮಾತು ತಂಗಿಯ ಕಿವಿಗೂ ಬಿತ್ತು. ಅವಳು ತಲೆಯೆತ್ತಿ ಅಕ್ಕನನ್ನು ನೋಡಿದಳು. ಕೇಳಿದ್ದು ಕಣ್ಣಲ್ಲೇ: ಮಾತಾಡಲಾ?

ಟಾರ್ಚಕ್ಕ ತಲೆಯಾಡಿಸಿದಳು. ಹೂಂ ಎಂದು. ಅಷ್ಟೇ, ಅರ್ಧ ಗೇಣಿನಷ್ಟೂ ಅಲ್ಲಾಡಲಿಲ್ಲ ತಲೆ.

ತಂಗಿ ಅಂಗೈಗೆ ಉಗುಳಿದಳು. ಅರ್ಧ ಕರಗಿದ ಬಿಳಿ ಮುದ್ದೆ. ಕೈ ಮುಚ್ಚಿಕೊಂಡು ಎದ್ದು ನಿಂತಳು. ಹೊಟ್ಟೆ ಕೊಯ್ದದ್ದು, ಚೀಟಿ, ಅಂಗಡಿ, ಗಂಡ ಬಿಟ್ಟುಹೋದದ್ದು, ಎಲ್ಲ ಅಕ್ಕನಿಗೆ ಗೊತ್ತಿದ್ದದ್ದೇ. ಆಮೇಲೆ ಗೊತ್ತಿಲ್ಲದ್ದು ಬಂತು.

"ಮಾತ್ರೆನ ಮಗು ಹಾಲಿನ ಪುಡಿ ಡಬ್ಬಿಯಲ್ಲಿ ಬಚ್ಚಿಡ್ತಿದ್ದೆ ಸಾರ್. ಯಾರೂ ಅಲ್ಲಿ ನೋಡಲ್ಲ ಅಂತ. ಒಂದಿನ ಮಗು ಡಬ್ಬಿ ಬೀಳಿಸಿಕೊಂಡು ಒಂದು ಬಾಯಿಗೆ ಹಾಕ್ಕೊಂಡಿತ್ತು. ನಾನು ಬೆರಳು ಹಾಕಿ ತೆಗೆದೆ. ತೆಗೆದು..." ಅವಳು ಎಂಜಲು ನುಂಗಿದಳು. "ತೆಗೆದು, ತೊಳೆದು, ನಾನೇ ನುಂಗಿದೆ."

ಅಧ್ಯಕ್ಷರ ಮೂಗಿನಿಂದ ಕರವಸ್ತ್ರ ಕೆಳಗಿಳಿಯಿತು. ಕಣ್ಣು ಹೊಳೆಯುತ್ತಿತ್ತು, ನೀರಿನಿಂದಲ್ಲ.

"ಭೇಷ್! ಇದು ನೋಡ್ರಿ, ಇದು ಬೇಕಾಗಿದ್ದು! ಜನರ ಮನಸ್ಸಿಗೆ ನಾಟಬೇಕು."

ಫೋಟೋಗ್ರಾಫರ್ ತಲೆ ಕೆರೆದುಕೊಂಡ. "ಸಾರ್, ಸಾರಿ, ವಿಡಿಯೋ ಆನ್ ಆಗಿರಲಿಲ್ಲ. ಆ ಮಗು ವಿಷಯ ಇನ್ನೊಂದ್ಸಲ ಹೇಳ್ತಾರಾ? ಸ್ವಲ್ಪ ಕಿಟಕಿ ಕಡೆ ತಿರುಗಿ."

ತಂಗಿ ಕಿಟಕಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು. ಮೊದಲ ಸಲ 'ತೆಗೆದು' ಎಂದು ಮಾತು ತಡೆದಲ್ಲೇ ಈ ಸಲವೂ ತಡೆಯಿತು. ಟಾರ್ಚಕ್ಕನಿಗೆ ಅಸಹ್ಯವಾಯಿತು. ಆ ಮನುಷ್ಯನ ಭೇಷ್‌ಗೆ, ಲವಂಗದ ವಾಸನೆಗೆ, ತಂಗಿಯ ಕೈಗೆ ರಬ್ಬರ್ ಪಟ್ಟಿ ಏರಿಸಿ ಬೆನ್ನು ತಟ್ಟಿದ ಆ ಬೆರಳುಗಳಿಗೆ. ಎಲ್ಲಕ್ಕಿಂತ ತನ್ನ ಕತ್ತಿನ ಮೇಲೆ ಹೇಸಿಗೆಯಾಯಿತು. ಕುಂಟು ನೆಪವೂ ಇಲ್ಲದೆ ಹೇಗೆ ಆಡಿತು ಅದು!

ಬಾಯಿಂದ ಹೊರಬಂದ ಮಾತ್ರೆಗೆ ಬದಲು ಕೊಡಲು ಡಾಕ್ಟರ ಅಪ್ಪಣೆ ಬೇಕು. ಡಾಕ್ಟರು ಬರುವುದು ಗುರುವಾರ ಮಾತ್ರ, ಫೋನ್ ಎತ್ತಲಿಲ್ಲ. ಟಾರ್ಚಕ್ಕ ಹನ್ನೊಂದು ಸಲ ಮಾಡಿದಳು.

ಮಧ್ಯಾಹ್ನ ಮೂರಕ್ಕೆ ಹೊಲಿಗೆ ಅಂಗಡಿಗೆ ಹೋದಾಗ ತಂಗಿ ಯಂತ್ರದ ಮುಂದೆ ಆಕಳಿಸುತ್ತ ಕೂತಿದ್ದಳು. ಮದ್ದು ತಪ್ಪಿದ್ದಕ್ಕೆ ಮೂಗು ಸುರಿಯುತ್ತಿತ್ತು, ತೋಳಿನ ಕೂದಲು ನೆಟ್ಟಗೆ ನಿಂತಿತ್ತು. ಹೊಲಿಯುತ್ತಿದ್ದ ಶಾಲೆ ಚಡ್ಡಿಯ ಜೇಬು ಒಳಗು ಹೊರಗಾಗಿ ಕೂತಿತ್ತು.

"ಬಾ ನನ್ನ ಜೊತೆ. ಮನೆಗೆ ಹೋಗೋಣ" ಎಂದಳು ಅಕ್ಕ.

"ಆ ಮಾತ್ರೆ ಅಂಗಡಿ ಮುಂದೆ ಎರಡು ಸಲ ಹೋಗಿ ಬಂದೆ" ಎಂದಳು ತಂಗಿ, ಸೂಜಿಯಿಂದ ಕಣ್ಣೆತ್ತದೆ. "ಒಳಗೆ ಹೋಗಲಿಲ್ಲ. ಸಂತೋಷಾನಾ?"

"ನನ್ನ ಮೇಲೆ ಕೋಪ ಮಾಡ್ಕೋ. ಬೈದುಬಿಡು."

"ಬೈಯೋದೇನು? ನಾನು ಕೇಳಿದೆ, ನೀನು ಹೂಂ ಅಂದೆ. ಚಿಕ್ಕಂದಿನಿಂದ ನೀನು ಹೂಂ ಅಂದಿದ್ದನ್ನೇ ಮಾಡಿದೀನಿ. ಮಗು ವಿಷಯ ನಿನಗೆ ಹೇಳೋಣ ಅಂತಿದ್ದೆ ಅಕ್ಕ, ಯಾವತ್ತಾದ್ರೂ. ನಿನಗೊಬ್ಬಳಿಗೆ."

ಟಾರ್ಚಕ್ಕ ಒಳಗು ಹೊರಗಾದ ಜೇಬನ್ನು ತೆಗೆದುಕೊಂಡು ಕೂತು ಹೊಲಿಗೆ ಬಿಚ್ಚತೊಡಗಿದಳು. ಅಂಗಡಿ ಮುಚ್ಚುವವರೆಗೂ ಅಲ್ಲಿಂದ ಕದಲಲಿಲ್ಲ. ರಾತ್ರಿ ತಂಗಿಯನ್ನೂ ಮಕ್ಕಳನ್ನೂ ತನ್ನ ಮನೆಗೇ ಕರೆದೊಯ್ದಳು; ಗಂಡ ಗೊರಕೆಯ ಸಮೇತ ಜಗಲಿಗೆ ಹೋದ. ಬೆಳಿಗ್ಗೆ ಏಳಕ್ಕೆ ಬೆಂಚಿನಲ್ಲಿ ಎಲ್ಲರಿಗಿಂತ ಮೊದಲು ತಂಗಿ.

ಎಂಟು ದಿನಕ್ಕೆ ಪತ್ರ ಬಂತು. ಅನುದಾನ ಕೋಣೆಗೇ ಎಂದಿತ್ತು. ಕಮಾನು ಇನ್ನೊಂದು ವರ್ಷಕ್ಕೆ. ಟಾರ್ಚಕ್ಕ ಪತ್ರ ಹಿಡಿದು ಒಂದು ಸುತ್ತು ಕುಣಿದೇಬಿಟ್ಟಳು. ಆಮೇಲೆ ಎರಡನೇ ಹಾಳೆ ಓದಿದಳು. 'ಸಮಿತಿಯ ಭೇಟಿಯ ದಿನ ತಮ್ಮ ಅನುಭವ ಹಂಚಿಕೊಂಡ ಮಹಿಳಾ ಫಲಾನುಭವಿಯು ಪ್ರತಿ ಮೂರು ತಿಂಗಳಿಗೊಮ್ಮೆ ಸಾರ್ವಜನಿಕ ಸಭೆಯಲ್ಲಿ ಮಾತನಾಡತಕ್ಕದ್ದು. ಸಾಧ್ಯವಾದಲ್ಲಿ ಮಗುವನ್ನು ಕರೆತರತಕ್ಕದ್ದು. ಸದರಿ ಷರತ್ತಿಗೆ ಒಳಪಟ್ಟು ಮಂಜೂರು ಮಾಡಿದೆ.'

ಅವಳು 'ಕರೆತರತಕ್ಕದ್ದು' ಎಂಬುದನ್ನು ಮೂರು ಸಲ ಓದಿದಳು. ಪತ್ರವನ್ನು ಹತ್ತಿಯ ಡಬ್ಬಿಯ ಕೆಳಗೆ ಸೇರಿಸಿದಳು. ತಂಗಿಗೆ ಹೇಳಲಿಲ್ಲ. ಹೇಳಿದರೆ ಸಭೆಗೆ ಹೋಗಿಬಿಡುತ್ತಾಳೆ, ಹೇಳದಿದ್ದರೆ ಕೋಣೆ ಹೋಗುತ್ತದೆ.

ಆದರೆ ಆರೋಗ್ಯಾಧಿಕಾರಿ ಸುಮ್ಮನಿರುವ ಪೈಕಿಯಲ್ಲ. ಎರಡು ದಿನದ ನಂತರ ಬೆಳಿಗ್ಗೆ ತಂಗಿ ಬಂದವಳೇ ಕಿಟಕಿಯ ಹತ್ತಿರ ನಿಂತಳು.

"ನಿನ್ನೆ ಆಫೀಸಿಂದ ಫೋನ್ ಬಂದಿತ್ತು. ಸಭೆ ಇದೆಯಂತೆ. ಮಗೂಗೆ ಒಳ್ಳೆ ಬಟ್ಟೆ ಬೇಡವಂತೆ, ದಿನಾ ಹಾಕೋದೇ ಇರಲಿ ಅಂದ್ರು. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಎರಡು."

ತಂಗಿ ಮಾತ್ರೆಗೆ ಬಾಯಿ ತೆರೆದಳು. ಟಾರ್ಚಕ್ಕ ಇಟ್ಟಳು. ತಂಗಿ ಹೋಗಿ ಎಡತುದಿಯಲ್ಲಿ ಕೂತು ಗೋಡೆ ನೋಡತೊಡಗಿದಳು. ಉಳಿದ ಹದಿಮೂರು ಬಾಯಿಗಳೂ ಮುಚ್ಚಿದವು.

ಅಂದು ಟಾರ್ಚಕ್ಕ ಸೊಂಟನೋವಿನ ಸುದ್ದಿ ಎತ್ತಲಿಲ್ಲ. ಎರಡು ನಿಮಿಷ ಕಳೆಯಿತು. ಎದ್ದು ಬೆಂಚಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ಆರೋಗ್ಯಾಧಿಕಾರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಜೋರಾಗಿಟ್ಟಳು.

"ಸಾರ್, ಆ ಹುಡುಗಿ ಸಭೆಗೆ ಬರಲ್ಲ."

"ಯಾಕೆ ಸಿಸ್ಟರ್? ಹುಷಾರಿಲ್ವಾ? ಮುಂದಿನ ವಾರ ಇಟ್ಕೊಳ್ಳೋಣ."

"ಮುಂದಿನ ವಾರಾನೂ ಬರಲ್ಲ, ಮುಂದಿನ ವರ್ಷಾನೂ ಬರಲ್ಲ. ಮಗೂನೂ ಬರಲ್ಲ. ಅವಳು ಇಲ್ಲಿಗೆ ಬರೋದು ಮದ್ದಿಗೆ, ನಿಮ್ಮ ವಿಡಿಯೋಗಲ್ಲ."

"ನೋಡಿ, ಷರತ್ತು ಸ್ಪಷ್ಟವಾಗಿದೆ. ಒಬ್ಬಳಿಗಾಗಿ ಹದಿನಾಲ್ಕು ಜನರ ಹೊಟ್ಟೆ ಮೇಲೆ ಹೊಡೀತೀರಾ?"

"ನನ್ನ ತಲೆ ಮೇಲೆ ಹಾಕಬೇಡಿ. ಷರತ್ತು ಬರೆದ ಕೈ ನಿಮ್ಮದು."

"ಅವರು ಆಗಲೇ ಒಪ್ಪಿದ್ರಲ್ಲ, ಅವತ್ತು? ನೀವೇ ತಲೆ ಆಡಿಸಿದ್ದು ನಾನು ನೋಡಿದೀನಿ ಸಿಸ್ಟರ್."

ಟಾರ್ಚಕ್ಕನ ಮುಖಕ್ಕೆ ಬಿಸಿ ಏರಿತು. "ಹೌದು. ಆಡಿಸಿದ್ದೆ. ನಿಮ್ಮ ಜೊತೆ ಇದ್ದು ಇದ್ದು ನನಗೂ..."

ಮಾತು ಮುಗಿಯುವ ಮೊದಲೇ ಒಂದು ಕೈ ಬಂತು. ತಂಗಿ ಎದ್ದು ಬಂದಿದ್ದಳು. ಬಾಯಿ ಬಿಗಿಯಾಗಿ ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. ಅಕ್ಕನ ಕೈಯಿಂದ ಫೋನ್ ತೆಗೆದುಕೊಂಡು ಕೆಂಪು ಗುಂಡಿ ಒತ್ತಿದಳು. ತನ್ನ ಜಾಗಕ್ಕೆ ಹೋಗಲಿಲ್ಲ. ಅಕ್ಕನ ಕುರ್ಚಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

ಇನ್ನೂ ಐದು ನಿಮಿಷ ಇತ್ತು. ಐದು ನಿಮಿಷ ಬೆಂಚಿನ ಹದಿಮೂರು ಜನ ಟಾರ್ಚಕ್ಕನನ್ನು ನೋಡಿದರು. ಅವಳು ಯಾರ ಕಣ್ಣೂ ತಪ್ಪಿಸಲಿಲ್ಲ, ಆದರೆ ಅದಕ್ಕಿಂತ ಉದ್ದದ ಐದು ನಿಮಿಷ ಅವಳ ಆಯುಸ್ಸಿನಲ್ಲಿ ಇರಲಿಲ್ಲ. ವೆಲ್ಡರ್ ಎರಡು ಸಲ ಬೆಂಚನ್ನು ಗುದ್ದಿದ. ಒಪ್ಪಿಗೆಗೋ ಸಿಟ್ಟಿಗೋ ತಿಳಿಯಲಿಲ್ಲ.

ನಾಲಿಗೆ ಎತ್ತಿಸಿ ನೋಡಿದ್ದಾದ ಮೇಲೆ ಮೊದಲು ಬಾಯಿ ಬಿಟ್ಟವನು ಡ್ರೈವರ್. ಹುಬ್ಬಿನ ನಾಟಕ ಇಲ್ಲ.

"ನಿಮ್ಮ ತಂಗೀನ ಕಳಿಸಿ ಅಂತ ನಾನು ಹೇಳಲ್ಲ ಅಕ್ಕ. ಆದ್ರೆ ಕೋಣೆ ಮುಚ್ಚಿದ್ರೆ ನಾವೆಲ್ಲಿಗೆ ಹೋಗೋದು? ದೊಡ್ಡಾಸ್ಪತ್ರೆ ಎರಡು ಗಂಟೆ ದಾರಿ. ನಾನು ಎಂಟಕ್ಕೆ ಮಕ್ಕಳನ್ನ ಹತ್ತಿಸಬೇಕು."

"ಗೊತ್ತಿಲ್ಲ ಕಣಪ್ಪ" ಎಂದಳು ಟಾರ್ಚಕ್ಕ. ಅಷ್ಟು ಚಿಕ್ಕ ಉತ್ತರವನ್ನು ಅವಳ ಬಾಯಲ್ಲಿ ಆ ಬೆಂಚು ಎಂದೂ ಕೇಳಿರಲಿಲ್ಲ.

"ಡಾಕ್ಟರನ್ನ ಹಿಡೀಬೇಕು" ಎಂದ ವೆಲ್ಡರ್. "ಗುರುವಾರ ಬರ್ತಾರಲ್ಲ, ಬಾಗಿಲಿಗೆ ಅಡ್ಡ ಮಲಗ್ತೀನಿ. ಬೇರೆ ಕಡೆಯಿಂದಾದ್ರೂ ಮದ್ದು ಬರೆಸಿಕೊಡ್ಲಿ. ಹೇಗೂ ಬೆನ್ನು ನೆಟ್ಟಗಿಲ್ಲ, ಮಲಗೋದು ನನಗೇನು ಹೊಸದಲ್ಲ."

ಯಾರೋ ನಕ್ಕರು. ತಂಗಿ ನಗಲಿಲ್ಲ. ಅಕ್ಕನ ಮೊಣಕಾಲು ಹಿಡಿದು ಎದ್ದು, ಬಟ್ಟೆ ಕೊಡವಿಕೊಂಡು, "ತಿಂಗಳ ಕೊನೆ ತನಕ ಮದ್ದಿದೆ ತಾನೆ?" ಎಂದು ಕೇಳಿದಳು.

"ಇದೆ."

"ಹಾಗಾದ್ರೆ ನಾಳೆ ಬರ್ತೀನಿ."

"ಎಲ್ಲರೂ ಬನ್ನಿ. ಏಳಕ್ಕೇ" ಎಂದಳು ಟಾರ್ಚಕ್ಕ. "ಬೀಗ ಹಾಕೋಕೆ ಬಂದೋರು ಬೇಕಾದ್ರೆ ಹತ್ತು ನಿಮಿಷ ಹೊರಗೆ ಕಾಯ್ಲಿ."